ಪಾಂಪೆಗೆ ರಂಗಪ್ಪನ ಅಪ್ಪಣೆ

ಪೂಜಾರಿ ಗುಡ್ಡಪ್ಪ ಕೊಡ ಹಿಡಿದು ಬಾವಿಯ ಕಡೆ ಹೊರಟದ್ದೇ ತಡ, ಓಬಳೇಶಪ್ಪ ಮೇಷ್ಟ್ರು ಗರ್ಭಗುಡಿಗೆ ನುಗ್ಗಿದರು. ಪಂಚೆಯ ಮಡಿಕೆಯಲ್ಲಿ ಶಾಲೆಯ ಗೋಂದಿನ ಸೀಸೆ ಇತ್ತು. ರಂಗಪ್ಪನ ಎರಡು ಭುಜಗಳ ಮೇಲೂ ಗುಡ್ಡಪ್ಪ ಆಗಷ್ಟೇ ಒಂದೊಂದು ಕಣಗಿಲೆ ಹೂವನ್ನು ನೀರು ಮುಟ್ಟಿಸಿ ಅಂಟಿಸಿದ್ದ. ಮೇಷ್ಟ್ರು ಒಂದು ಹೂವನ್ನು ತೆಗೆದು, ಬೆನ್ನಿಗೆ ಗೋಂದು ಬಳಿದು, ಇದ್ದ ಜಾಗದಲ್ಲೇ ಒತ್ತಿ ಹಿಡಿದರು. ಇನ್ನೊಂದನ್ನು ಮುಟ್ಟಲಿಲ್ಲ. ಅದು ಬೀಳಬೇಕಾದ ಹೂವು.

"ತಪ್ಪಾಯ್ತಪ್ಪ," ಎಂದು ದೇವರಿಗೆ ಹೇಳಿದರು. ಮರುಕ್ಷಣವೇ ತಮ್ಮ ಬಗ್ಗೆ ತಮಗೇ ನಗು ಬಂತು. ಹೂವು ಬೀಳುವುದು ಭೂಮಿಯ ಸೆಳೆತಕ್ಕೆ, ದೇವರ ಅಪ್ಪಣೆಗಲ್ಲ ಎಂದು ಬಾಗೂರಿನ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದ ಮಹಾನುಭಾವ ಇವರೇ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಎಲ್ಲಕ್ಕೂ ಕಾರಣ ಪಾಂಪೆ. ಬೆಂಕಿಬೆಟ್ಟ ಉಗುಳಿದ ಬೂದಿಯಲ್ಲಿ ಎಂದೋ ಹೂತುಹೋಗಿ, ಅಗೆದಾಗ ಬೀದಿ, ಮನೆ, ಒಲೆ ಸಮೇತ ಎದ್ದುಬಂದ ರೋಮನ್ನರ ಊರು. ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದವಲ್ಲ, ಆ ಜಾಗ ತೋರಿಸಲು ಮೇಷ್ಟ್ರು ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಕೊನೆಯಲ್ಲಿ ಒಂದು ನಿಟ್ಟುಸಿರು ಬಿಟ್ಟು, "ಸಾಯೋದ್ರೊಳಗೆ ಒಂದ್ಸಲ ಪಾಂಪೆ ನೋಡ್ಬೇಕು ಕಣ್ರೋ," ಎನ್ನುತ್ತಿದ್ದರು. ನಿಟ್ಟುಸಿರು ಬಹಳ ಸೊಗಸಾಗಿತ್ತು. ಎಪ್ಪತ್ಮೂರರಲ್ಲಿ ಚಂದ್ರವಳ್ಳಿ ನೋಡಲು ಬಂದ ಇಟಲಿಯ ಪ್ರೊಫೆಸರೊಬ್ಬರ ಮುಂದೆಯೂ ಅದನ್ನೇ ಬಿಟ್ಟರು. ಆ ಪುಣ್ಯಾತ್ಮ ತನ್ನೂರಿಗೆ ಹೋದವನೇ ಗಂಡ ಹೆಂಡತಿ ಇಬ್ಬರಿಗೂ ವಿಮಾನದ ಟಿಕೆಟ್ ಕಳಿಸಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬಾಗೂರಿಗೆ ಹಬ್ಬ ಬಂತು. ಹೊಸದುರ್ಗದ ದರ್ಜಿ ಮಹಮ್ಮದ್ ಗೌಸ್ ಅಭಿಮಾನದಿಂದ ಕೋಟು ಹೊಲಿದುಕೊಟ್ಟ. ಹೆಂಡತಿ ಕಾಳಕ್ಕ ಹಿರಿಯೂರು ದಾಟಿ ಹೋದವಳಲ್ಲ. ಪಾಂಪೆಯ ಒಲೆಯಲ್ಲಿ ಸಿಕ್ಕ ಕರಕಲು ರೊಟ್ಟಿಯ ಕಥೆಯನ್ನು ಗಂಡನ ಬಾಯಲ್ಲೇ ಕೇಳಿದ್ದಳು. ಈಗ ಅದರದೇ ಧ್ಯಾನ.

"ಬೇಯಕ್ಕಿಟ್ಟ ರೊಟ್ಟಿ ತೆಗೆಯಕ್ಕೂ ಆಗ್ಲಿಲ್ವಲ್ರಿ ಆ ಯಮ್ಮಂಗೆ, ಪಾಪ. ಅದನ್ನ ನಾನು ನೋಡ್ಬೇಕು ಕಣ್ರಿ," ಎನ್ನುವಾಗ ಅವಳ ಕಣ್ಣು ತುಂಬುತ್ತಿತ್ತು.

ಆದರೆ ಅಡ್ಡಿಗಳು ಒಂದೇ ಎರಡೇ? ಪಾಸ್‌ಪೋರ್ಟಿನ ಫೋಟೋದಲ್ಲಿ ಮೇಷ್ಟ್ರ ಕಣ್ಣು ಮುಚ್ಚಿಕೊಂಡವು. ಇನ್ನೊಂದು ತೆಗೆಸಲು ಹೊರಟರೆ ದುರ್ಗದ ಬಸ್ಸು ಕಣ್ಣೆದುರೇ ತಪ್ಪಿಹೋಯಿತು. ಕೊನೆಗೆ ಕಾಳಕ್ಕನೇ ಬೆನ್ನುಹತ್ತಿ ಎಲ್ಲ ಮುಗಿಸಬೇಕಾಯಿತು. ಮೇಷ್ಟ್ರ ಅದೃಷ್ಟವೇ ಅಂಥದು. ಮಾರಿಕಣಿವೆಗೆ ಹೋದಾಗಲೂ ಮಕ್ಕಳೆಲ್ಲ ಅಣೆಕಟ್ಟೆ ಹತ್ತಿ ನೀರು ನೋಡಿದರೆ ಇವರ ಪಾಲಿಗೆ ಕೆಳಗೆ ಬುತ್ತಿಗಂಟು ಕಾಯುವ ಕೆಲಸ. ಡ್ರಿಲ್ ಹೇಳಿಕೊಡುವುದರಲ್ಲೂ ಅಷ್ಟೇ ಅದೃಷ್ಟವಂತರು: ಮಕ್ಕಳಿಗೆ ಎದುರಾಗಿ ನಿಂತು, "ಬಲಕ್ಕೆ ತಿರುಗ್!" ಎಂದು ತಮ್ಮ ಬಲಗೈ ಚಾಚುತ್ತಿದ್ದರು. ಅರ್ಧ ಮಕ್ಕಳು ಅತ್ತ, ಅರ್ಧ ಮಕ್ಕಳು ಇತ್ತ. ಬೈಗುಳ ಮಾತ್ರ ಎಲ್ಲರಿಗೂ.

ಹೊರಡುವ ದಿನ ಹತ್ತಿರವಾದಾಗ, ಊರ ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದಾಗ ಮೇಷ್ಟ್ರೇ ಮಾತೆತ್ತಿದರು.

"ಸಮುದ್ರ ದಾಟೋ ವಿಷಯ ಕಣ್ರಪ್ಪ. ರಂಗಪ್ಪನ್ನ ಒಂದ್ಮಾತು ಕೇಳಾಣ. ಅವನು ಹೆಂಗೆ ಹೇಳ್ತಾನೋ ಹಂಗೆ."

ಜನ ಬೆರಗಾದರು. ಎತ್ತು ಕೊಳ್ಳುವುದರಿಂದ ಹೆಣ್ಣು ಕೊಡುವವರೆಗೆ ಊರಿಗೆಲ್ಲ ರಂಗಪ್ಪನದೇ ತೀರ್ಪು: ಬಲಗಡೆ ಹೂ ಕೊಟ್ಟರೆ ಆಗಲಿ, ಎಡಗಡೆ ಕೊಟ್ಟರೆ ಬೇಡ. ಆದರೆ ಆ ಗುಡಿಯ ಮೆಟ್ಟಿಲನ್ನೇ ಹತ್ತದವರು ಮೇಷ್ಟ್ರೊಬ್ಬರೇ.

"ಎಡಕ್ಕೆ ಕೊಟ್ರೆ ಏನ್ರಿ ಮಾಡಾದು?" ಎಂದಳು ಕಾಳಕ್ಕ, ಮುಖ ಸಪ್ಪೆ ಮಾಡಿಕೊಂಡು.

"ದೇವರ ಮಾತು ಮೀರಕ್ಕಾಗ್ತೈತೇನೇ? ಎದೆ ಗಟ್ಟಿ ಮಾಡ್ಕಂಡು ಇಲ್ಲೇ ಇರಾದು," ಎಂದರು ಮೇಷ್ಟ್ರು. ಅವರ ದನಿ ನಡುಗಿದ್ದನ್ನು ಕೇಳಿ ಜನ ಮರುಗಿದರು.

ಈಗ ಗುಡ್ಡಪ್ಪ ನೀರು ತಂದ. ಮೇಷ್ಟ್ರು ಏನೂ ಅರಿಯದವರ ಹಾಗೆ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈಮುಗಿಯಲು ಅದೂ ಅನುಕೂಲವೇ ಆಯಿತು. ಗುಡಿ ತುಂಬಿತು. ಮಂಗಳಾರತಿ ಆಯಿತು.

"ಕೇಳ್ಕಳ್ರಿ ಮೇಷ್ಟ್ರೇ, ಮನಸ್ನಾಗಿರಾದನ್ನ," ಎಂದ ಗುಡ್ಡಪ್ಪ.

ಮೇಷ್ಟ್ರು ಕಣ್ಣು ಮುಚ್ಚಿ, ಭೂಮಿಯ ಸೆಳೆತಕ್ಕೂ ರಂಗಪ್ಪನಿಗೂ ಒಟ್ಟಿಗೇ ಕೈಮುಗಿದರು. ಗಂಟೆ ನಿಂತಿತು. ಒಂದು ಹೂವು ಒಣಗುತ್ತ ಬಂದು, ಅಲುಗಿ, ಜಾರಿ, ಪಾದದ ಬಳಿ ಬಿತ್ತು. ಇನ್ನೊಂದು ಕಲ್ಲಿನಲ್ಲೇ ಕೆತ್ತಿದ ಹಾಗೆ ಕೂತಿತ್ತು. ಹೂ ಬಿತ್ತೆಂಬ ಜನರ ಉದ್ಗಾರ ಕಿವಿಗೆ ಬಿದ್ದದ್ದೇ, ಕಣ್ಣು ಮುಚ್ಚಿದ್ದ ಮೇಷ್ಟ್ರ ಎದೆ ಹಗುರಾಯಿತು.

"ಬಲಕ್ಕೆ ಕೊಟ್ಟ! ರಂಗಪ್ಪ ಬಲಕ್ಕೆ ಕೊಟ್ಟ!" ಎಂದು ಕೂಗಿದ ಗುಡ್ಡಪ್ಪ.

ಕಾಳಕ್ಕ ಅಳುತ್ತಾ ನಗುತ್ತಾ ಅಡ್ಡಬಿದ್ದಳು. ಮೇಷ್ಟ್ರು ಕಣ್ಣು ಬಿಟ್ಟು ಬಿದ್ದ ಹೂವನ್ನೂ ಬೀಳದ ಹೂವನ್ನೂ ನೋಡಿ, ನಿಂತಲ್ಲೇ ಕುಸಿದು ಕೂತರು. ಅವರ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು. "ನೋಡ್ರಿ, ನಾಸ್ತಿಕರಿಗೂ ಭಕ್ತಿ ಬಂತು," ಎಂದರು ಜನ.

"ಏನ್ಮಾಡಾದು, ರಂಗಪ್ಪ ಬೇಡ ಅಂದ" ಎಂಬ ಮಾತನ್ನು ಮೇಷ್ಟ್ರು ಟಿಕೆಟ್ ಬಂದಂದಿನಿಂದಲೂ ನಿಟ್ಟುಸಿರಿನ ಸಮೇತ ಸಿದ್ಧಮಾಡಿ ಇಟ್ಟುಕೊಂಡಿದ್ದರು. ವಿಮಾನವೆಂದರೆ ಕೈಕಾಲು ನಡುಗುವ ಅವರು, ಬೀಳಬಾರದೆಂದು ಗೋಂದು ಹಚ್ಚಿದ್ದು ಬಲಗಡೆಯ ಹೂವಿಗೇ. ಆದರೆ ಅದು ಮೇಷ್ಟ್ರ ಬಲಗಡೆ. ರಂಗಪ್ಪ ಅವರ ಕಡೆಗೆ ಮುಖ ಮಾಡಿ ನಿಂತಿದ್ದ.