ಒಂದು ಹೊಲದ ಓಟ

ಲೋಕದ ಇಂಜಿನ್ನುಗಳೆಲ್ಲ ನಿಂತು ಗಾಡಿಗಳು ಓಡದಾದ ಮೇಲೆ ಹಾವಿನ ಮದ್ದು ಸರ್ಕಾರಿ ಓಟಗಾರರ ಬೆನ್ನೇರಿಯೇ ಊರಿಗೆ ಬರುತ್ತಿತ್ತು. ಮದ್ದನ್ನು ತಂಪಾಗಿಡುವ ಡಬ್ಬಿಯೊಳಗಿನ ಐಸು ಕರಗುವ ಮೊದಲು ಅಷ್ಟು ದೂರ ಓಡಬಲ್ಲವರು ಅವರಷ್ಟೇ. ಇವತ್ತು ನೀಲವ್ವನ ಮಗಳನ್ನು ಹಾವು ಕಚ್ಚಿತ್ತು. ದಿಬ್ಬದ ಮೇಲೆ ಕಾಯುತ್ತಿದ್ದ ಊರವರು ಓಟಗಾರ ಬರ್ಮಪ್ಪ ದೂರದಲ್ಲಿ ಬಿದ್ದದ್ದನ್ನು ಕಂಡು ಅತ್ತ ಓಡಿದರು. ಮೊದಲು ಮುಟ್ಟಿದವಳು ನೀಲವ್ವ.

ಬರ್ಮಪ್ಪನ ಕಾಲು ಮುರಿದಿತ್ತು. "ಐಸು ಕರಗಾಕತ್ತೈತಿ," ಎಂದ.

"ನಾ ಒಯ್ತೀನಿ, ಕೊಡಪಾ."

"ಊರ ತನಕ ಓಡಿದ್ರ ನಿನ್ನ ಓಟ ನನ್ನ ನಡಿಗಿ ಇದ್ದಂಗವ್ವಾ. ಒಂದು ಹೊಲ ದಾಟೂ ತನಕ ಅಷ್ಟ ನನ್ನಂಗ ಓಡ್ತಿ. ಆಮ್ಯಾಲ ಹಿಂದ ಬರಾವ್ರ ಕೈಗೆ ಕೊಡು."

ಓಡಿ ಬರುವಾಗ ಹಿಂದುಳಿದವರೆಲ್ಲ ಊರಿನ ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ನಿಂತಿದ್ದರು. ನೀಲವ್ವ ಎದೆ ಒಡೆಯುವಂತೆ ಓಡಿ ಡಬ್ಬಿಯನ್ನು ಮೈದುನನ ಕೈಗಿತ್ತು ಕುಸಿದಳು. ಅವನಿಂದ ಅಂಗಡಿಯ ಸಂಗಯ್ಯನಿಗೆ, ಅಲ್ಲಿಂದ ಮುಂದಕ್ಕೆ, ಡಬ್ಬಿ ಕೈಯಿಂದ ಕೈಗೆ ಹೋಯಿತು. ಆಗ ಅವಳಿಗೆ ಹೊಳೆಯಿತು: ಊರಿಗೆ ಹತ್ತಿರ ಉಳಿದಿರುವವರು ಎಲ್ಲರಿಗಿಂತ ನಿಧಾನದವರು. ಕಟ್ಟಕಡೆಗೆ ನಿಂತವಳು ಮಂಡಿನೋವಿನ ಅತ್ತೆ.

"ಓಡ್ರೀ ಅತ್ತೀ!" ಎಂದು ಕೂಗಿದಳು. ಕೇಳಿಸುವ ದೂರವಲ್ಲ. ಮುದುಕಿ ಕೋಲು ಬಿಸಾಡಿ, ಡಬ್ಬಿಗಾಗಿ ಎರಡೂ ಕೈ ಚಾಚಿದ್ದು ಮಾತ್ರ ಕಂಡಿತು.