ಗಿಣಿಗೆ ಚರೆ, ಹಂದಿಗೆ ಗುಂಡು

ಗಂಡ ತನ್ನ ತೋಳಿನ ಅಳತೆ ಕೊಟ್ಟು ಮಾಡಿಸಿದ್ದ ಕೋವಿ, ಅವನು ಸತ್ತು ಐದು ತಿಂಗಳಾದ ಮೇಲೆ ಬಂತು. ಬೆಳೆ ರಕ್ಷಣೆಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಅವಳು ಅದಕ್ಕೆ ತುಂಬುವ ತೋಟೆ ಕೊಳ್ಳಲು ಗಂಡನ ಅಣ್ಣನ ಮದ್ದುಗುಂಡಿನ ಅಂಗಡಿಗೆ ಹೋದಳು. ಗದ್ದೆಯಲ್ಲಿ ಗಿಣಿಗಳಿಗೆಂದು ತಾನು ಹೊಡೆದ ಈಡಿಗೆ ತಮ್ಮ ಅಡ್ಡ ಬಂದ ಎಂದು ಆ ಅಣ್ಣ ಅತ್ತಾಗ, ಪೊಲೀಸರೂ ಊರವರೂ ಒಪ್ಪಿದ್ದರು.

ಅವಳು ಮೇಜಿನ ಮೇಲಿಟ್ಟ ಕೋವಿಯ ಹಿಡಿಯಲ್ಲಿ ಕೆತ್ತಿದ್ದ ತಮ್ಮನ ಹೆಸರು ಕಂಡು ಅವನು ಕೈ ಹಿಂದೆಳೆದುಕೊಂಡ.

“ಯಾವುದರ ಕಾಟ ಜಾಸ್ತಿ?” ಎಂದ, ಅವಳ ಮುಖ ನೋಡದೆ.

“ಹಂದಿ. ಗಿಣಿಗಳೂ ಬರ್ತವೆ. ಎರಡಕ್ಕೂ ಒಂದೇ ತೋಟೆ ಆಗಲ್ವಾ, ಭಾವ?”

ಕಸುಬಿನ ಮಾತು ಬಂದೊಡನೆ ಅವನ ನಾಲಿಗೆ ಸಡಿಲವಾಯಿತು.

“ಎಲ್ಲಾದ್ರೂ ಉಂಟಾ? ಗಿಣಿಗೆ ಚರೆ ತೋಟೆ. ಒಳಗೆ ಸಾಸಿವೆಯಂಥ ಕಾಳು ಇರ್ತವೆ, ಹರಡಿಕೊಂಡು ಹೋಗ್ತವೆ. ಹಂದಿಗಾದ್ರೆ ಒಂಟಿ ಗುಂಡು. ಗುಂಡು ಹಾಕ್ಕೊಂಡು ಗಿಣಿ ಹೊಡೆಯೋಕೆ ಯಾವ ಹುಚ್ಚನೂ ಹೋಗಲ್ಲ.”

“ಮರೆತು ಅದನ್ನೇ ಹಾಕಿಬಿಟ್ರೆ?”

“ಮರೆಯೋದು ಹೇಗೆ? ಎರಡರ ಬಣ್ಣವೇ ಬೇರೆ. ಮೂವತ್ತು ವರ್ಷದಲ್ಲಿ ನಾನು ಒಂದು ಸಲಾನೂ ತಪ್ಪಿಲ್ಲ.”

ಅವಳು ಸೆರಗಿನ ಗಂಟು ಬಿಚ್ಚಿ, ಚಪ್ಪಟೆಯಾಗಿದ್ದ ಒಂದು ಸೀಸದ ಗುಂಡನ್ನು ಕೋವಿಯ ಪಕ್ಕದಲ್ಲಿಟ್ಟಳು.

“ಅವರು ಬಿದ್ದ ಜಾಗದ ಹಿಂದೆ ಹಲಸಿನ ಮರ ಇದೆಯಲ್ಲ ಭಾವ, ಅದರೊಳಗೆ ಸಿಕ್ಕಿತು.”