ಹೊಸ ದ್ವೀಪಕ್ಕೆ ಎರಡು ಹೆಸರು

ಫಿನ್‌ಲೆಂಡಿನ ಆ ಕರಾವಳಿಯಲ್ಲಿ ದಿನಾ ಬೆಳಿಗ್ಗೆ ಒಂದೆರಡು ಹೊಸ ದ್ವೀಪಗಳು ಕಡಲಿನಿಂದ ಮೇಲೇಳುತ್ತವೆ. ಅಲ್ಲಿನ ಜನ ಆಡುವುದು ಎರಡು ಭಾಷೆ; ಹಾಗಾಗಿ ಹೊತ್ತು ಮುಳುಗುವುದರೊಳಗೆ ಫಿನ್ನಿಷ್‌ನಲ್ಲೊಂದು, ಸ್ವೀಡಿಷ್‌ನಲ್ಲೊಂದು ಹೆಸರು ಬರೆದು ಅಲ್ಲಿ ಹಲಗೆ ನೆಡಬೇಕು. ಪುರಸಭೆಯ ಗುಮಾಸ್ತ ಆರ್ನೊನಿಗೆ ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹಕ್ಕಿ, ಮೀನು, ಹಣ್ಣುಗಳ ಹೆಸರೆಲ್ಲ ಎಂದೋ ಮುಗಿದಿದ್ದವು. ಈಗ ಕಡಲಲ್ಲಿ ಸತ್ತವರ ಹೆಸರನ್ನು ಅವರವರ ಭಾಷೆಯ ಸಾಲಿನಲ್ಲಿ ಬರೆಯುವುದು ರೂಢಿ.

ಮೀನು ಹಿಡಿಯಲು ಹೋದ, ಸ್ವೀಡಿಷ್ ಮನೆಮಾತಿನ ಎಡ್ವಿನ್ ಮರಳದೆ ಹನ್ನೊಂದು ದಿನವಾಗಿತ್ತು. ಅವನ ಹೆಂಡತಿ ಗುನ್ವೋರ್ ದಿನವೂ ದೋಣಿಕಟ್ಟೆಗೆ ಬಂದು ಆರ್ನೊನಿಗೆ ಒಂದೇ ಮಾತು ಹೇಳುತ್ತಿದ್ದಳು: "ನಮ್ಮನೆಯವರ ಹೆಸರು ಎಲ್ಲೂ ಬರೀಬೇಡಿ. ಅವರು ಬರ್ತಾರೆ."

ಇವತ್ತು ಹೊಸ ದ್ವೀಪದ ಮೇಲೆ ದೋಣಿಯೊಂದು ಕಾಣುತ್ತಿದೆಯೆಂದು ಸುದ್ದಿ ಬಂದಾಗ ಅವಳೂ ಆರ್ನೊನ ಜೊತೆ ಹೊರಟಳು. ಪಾಚಿಗಟ್ಟಿದ ಬಂಡೆಗಳ ನಡುವೆ ಎಡ್ವಿನ್‌ನ ಹಸಿರು ದೋಣಿ ಮಗುಚಿಕೊಂಡು ಬಿದ್ದಿತ್ತು. ಅದರಡಿಯಲ್ಲಿ ಬಲೆಯಿತ್ತು, ಕಾಫಿಯ ಫ್ಲಾಸ್ಕ್ ಇತ್ತು. ಅವನಿರಲಿಲ್ಲ.

ಗುನ್ವೋರ್ ಫ್ಲಾಸ್ಕನ್ನು ಒರೆಸಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ಆರ್ನೊ ಹಲಗೆ ನೆಟ್ಟು, ಮೇಲಿನ ಸಾಲಿನಲ್ಲಿ 'ಹಸಿರು ದೋಣಿ' ಎಂದು ಫಿನ್ನಿಷ್‌ನಲ್ಲಿ ಬರೆದ. ಕೆಳಗಿನ ಸ್ವೀಡಿಷ್ ಸಾಲಿಗೆ ಬಂದಾಗ ಅವನ ಕೈ ನಿಂತಿತು.

"ಹೊತ್ತು ಮುಳುಗೋವರೆಗೂ ಟೈಮಿದೆ ಅಲ್ವಾ?" ಅವಳು ಸ್ವೀಡಿಷ್‌ನಲ್ಲಿ ಕೇಳಿದಳು.

"ಇದೆಯಮ್ಮಾ," ಅವನು ಎಂದಿನಂತೆ ಫಿನ್ನಿಷ್‌ನಲ್ಲಿ ಹೇಳಿದ.

ಕುಂಚವನ್ನು ಬಣ್ಣದ ಡಬ್ಬಿಯ ಮೇಲಿಟ್ಟು ಅವಳ ಪಕ್ಕ ಕುಳಿತ. ಜೂನ್ ತಿಂಗಳು. ಅಲ್ಲಿ ಹೊತ್ತು ಮುಳುಗುವುದು ರಾತ್ರಿ ಹನ್ನೊಂದು ದಾಟಿದ ಮೇಲೆ. ಆದರೂ ಮುಳುಗುತ್ತದೆ.